ಬಾಗಿಲ ಹೊರಗಿನ ಛತ್ರಿ

“ಬಾಗಿಲು ಹಾಕ್ಕೊಂಡ್ಲು,” ಎಂದು ಹೇಳಿ ಗೀತಮ್ಮ ಸುಮ್ಮನಾದಳು.

ಎಣ್ಣೆ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಸಾಲಾಗಿ ಕೂತು ಶೇಂಗಾ ಬೀಜ ಆರಿಸುತ್ತಿದ್ದ ಹೆಂಗಸರ ಕೈಗಳೆಲ್ಲ ಒಟ್ಟಿಗೇ ನಿಂತವು. ಕರಿಯಕ್ಕ ಕೇರುತ್ತಿದ್ದ ಮೊರ ಗಾಳಿಯಲ್ಲೇ ಉಳಿಯಿತು. ಗೋಡೆಯಾಚೆ ಎಣ್ಣೆ ಹಿಂಡುವ ಮಿಷಿನ್ನೊಂದು ಮಾತ್ರ, ಈ ಕಥೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಗುಡುಗುಡು ಎನ್ನುತ್ತಿತ್ತು.

“ಆಮೇಲೆ?” ಅಂದಳು ಶಿಲ್ಪ. ಹೊಸದಾಗಿ ಮದುವೆಯಾದವಳು, ತಾಳ್ಮೆ ಕಡಿಮೆ.

“ಆಮೇಲೇನು, ಬೆಳಗಾಯ್ತು.”

“ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ನಡುವೆ ಏನಾಯ್ತೇ?” ಎಂದು ಕರಿಯಕ್ಕ ಮೊರವನ್ನು ನೆಲಕ್ಕೆ ಕುಕ್ಕಿದಳು.

“ನಡುವೆ ರೀಲು ಹರಿದಿತ್ತು ಕಣಕ್ಕ. ಕಿರ್ ಅಂತ ಒಂದು ಗೀರು ಬಂತು, ಹುಡುಗ್ರೆಲ್ಲ ಸೀಟಿ ಹೊಡದ್ರು. ನೋಡ್ತೀನಿ, ಆಯಮ್ಮ ಆಗ್ಲೇ ಬಾವಿಕಟ್ಟೆ ಮೇಲೆ ನಿಂತು ನೀರು ಸೇದ್ತಾ ಅವ್ಳೆ.”

ಚಳ್ಳಕೆರೆಯ ಟಾಕೀಸಿಗೆ ಶುಕ್ರವಾರ ಹೊಸ ಪಿಚ್ಚರ್ ಬಿದ್ದರೆ ಗೀತಮ್ಮ ಅವತ್ತೇ ಹೋಗಿ ನೋಡಬೇಕು, ಶನಿವಾರ ಅದನ್ನು ಶೆಡ್ಡಿನಲ್ಲಿ ಹೇಳಬೇಕು. ಅವಳ ಪಾಲಿನ ರಾಶಿಯನ್ನು ಉಳಿದವರು ಮೊರ ಮೊರ ಹಂಚಿಕೊಂಡು ಆರಿಸಿಕೊಡುತ್ತಾರೆ. ಈ ಪದ್ಧತಿ ಶುರುವಾದದ್ದು ಹೇಗೆಂದು ಯಾರಿಗೂ ನೆನಪಿಲ್ಲ. ಮೇಸ್ತ್ರಿ ಏಕಾಂತಪ್ಪನ ಕಣ್ಣಿಗೆ ಅವಳ ಕೈ ಆಡುತ್ತಿರಬೇಕು, ಅಷ್ಟೆ. ಅದಕ್ಕೇ ಅವಳು ಒಂದೇ ಬೊಗಸೆ ಬೀಜವನ್ನು ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಸುರಿದುಕೊಳ್ಳುತ್ತಾ ದಿನವೆಲ್ಲ ಕೂರುತ್ತಾಳೆ. ಹೀರೋಯಿನ್ ಅಳುವಾಗ ಬೀಜ ಒಂದೊಂದೇ ಜಾರುತ್ತವೆ, ಹೊಡೆದಾಟ ಬಂದರೆ ಚಟಪಟನೆ ಉದುರುತ್ತವೆ. ಏಕಾಂತಪ್ಪನೂ ಏನೋ ಯೋಚನೆಯಲ್ಲಿದ್ದವನಂತೆ ಬಾಗಿಲಿಗೆ ಒರಗಿ ನಿಂತವನು, ಕಥೆ ಮುಗಿಯುವವರೆಗೆ ಅಲ್ಲಾಡುವುದಿಲ್ಲ.

ಈ ಸಲದ ಪಿಚ್ಚರಿನ ಹೆಣ್ಣಿನ ಗಂಡ ಬೋರ್‌ವೆಲ್ ಲಾರಿಯಲ್ಲಿ ಊರೂರು ತಿರುಗುವವನು. ಮನೆಗೆ ಬರುವುದು ಯಾವಾಗಲೋ. ಹೆಂಡತಿ ಒಬ್ಬಳೇ. ಪಕ್ಕದ ಕೋಣೆಗೆ ಬಾಡಿಗೆಗೆ ಬಂದ ಹಾಡಿನ ಮೇಷ್ಟ್ರು ಮೆತ್ತಗಿನ ಮನುಷ್ಯ. ಒಂದು ಸಂಜೆ ಜೋರು ಮಳೆ, ಕರೆಂಟು ಹೋಗಿದೆ. ಮೇಷ್ಟ್ರು ನೆನೆದುಕೊಂಡು ಬಂದು ಅವಳ ಬಾಗಿಲ ಹೊರಗೆ ಛತ್ರಿಯನ್ನು ಗೋಡೆಗೆ ಒರಗಿಸುತ್ತಾನೆ. ಬೆಂಕಿಪೊಟ್ಟಣ ಕೇಳುತ್ತಾನೆ. ಅವಳು ಅವನ ಮುಖ ನೋಡುತ್ತಾಳೆ, ಮಳೆ ನೋಡುತ್ತಾಳೆ. ಅವನು ಒಳಗೆ ಬರುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಮುಂದೆ ಗಂಡ ಬರುತ್ತಾನೆ, ಊರವರ ಮಾತು ಅವನ ಕಿವಿಗೆ ಬೀಳುತ್ತದೆ, ಅವಳು ಹೌದೂ ಅನ್ನುವುದಿಲ್ಲ ಅಲ್ಲವೂ ಅನ್ನುವುದಿಲ್ಲ. ಕೊನೆಗೆ ಗಂಡ ಉಣ್ಣಲು ಕೂತು ತಟ್ಟೆಗೆ ಕೈಹಾಕುವುದರೊಂದಿಗೆ ಪಿಚ್ಚರ್ ಮುಗಿಯುತ್ತದೆ.

“ತಪ್ಪು ಮಾಡಿದ್ಲು, ಅದ್ರಾಗೇನೈತೆ ಕೇಳೋದು,” ಅಂದಳು ಕರಿಯಕ್ಕ. “ಬೆಂಕಿಪೊಟ್ಣ ಕೊಡೋಕೆ ಬಾಗಿಲು ಯಾಕೆ ಮುಚ್ಚಬೇಕು?”

“ಮಳೆ ಎರಚಲು ಹೊಡೀತಿತ್ತು ಕಣಕ್ಕ, ಮುಚ್ಚಿದ್ಲು,” ಅಂದಳು ಗೀತಮ್ಮ. “ಬೆಳಿಗ್ಗೆ ಹೆಂಗೆ ನೀರು ಸೇದ್ತಿದ್ಲು ಗೊತ್ತಾ? ಬೆನ್ನು ನೆಟ್ಟಗೆ. ತಪ್ಪು ಮಾಡಿದೋಳ ಬೆನ್ನು ಹಂಗಿರಲ್ಲ.”

“ತಪ್ಪು ಮಾಡಿದೋಳೇ ಬೆನ್ನು ನೆಟ್ಟಗೆ ಮಾಡ್ಕೊಂಡು ನಿಲ್ಲೋದು. ನಮ್ದೆಲ್ಲ ಬಗ್ಗಿ ಬಗ್ಗಿ ಗೂನೇ ಆಗೈತೆ.”

ಶೆಡ್ಡೆಲ್ಲ ನಕ್ಕಿತು. ಆದರೂ ಗೀತಮ್ಮ ಬಿಟ್ಟುಕೊಡಲಿಲ್ಲ. ಕಥೆ ಹೇಳುವವಳು ತಾನು, ತೀರ್ಪು ತನ್ನದೇ. “ಮಾಡಿಲ್ಲ ಅಂದ್ರೆ ಮಾಡಿಲ್ಲ,” ಎಂದು ಬೀಜದ ಬೊಗಸೆಯನ್ನು ರಾಶಿಗೆ ಸುರಿದು ಕೈ ಕೊಡವಿದಳು. ಅಲ್ಲಿಗೆ ಆ ಶನಿವಾರ ಮುಗಿಯಿತು. ಜಗಳ ಮಾತ್ರ ಮುಗಿಯಲಿಲ್ಲ. ನೀರಿನ ನಲ್ಲಿಯ ಹತ್ತಿರ, ಸಂತೆಯಲ್ಲಿ, ಮುಂದಿನ ವಾರದ ಹೊಸ ಪಿಚ್ಚರಿನ ನಡುವೆ ಕೂಡ ಅದೇ ಮಾತು. ಮಾಡಿದ್ಲು ಅನ್ನುವವರು ಒಂದು ಕಡೆ, ಮಾಡಿಲ್ಲ ಅನ್ನುವವರು ಒಂದು ಕಡೆ.

ಗೀತಮ್ಮನ ಗಂಡ ಮಾರುತೇಶ್ ಚಳ್ಳಕೆರೆ–ಮೊಳಕಾಲ್ಮುರು ಖಾಸಗಿ ಬಸ್ಸಿನ ಕಂಡಕ್ಟರು. ಒಂದು ದಿನ ಬಿಟ್ಟು ಒಂದು ದಿನ ಬಸ್ಸು ಮೊಳಕಾಲ್ಮುರಿನಲ್ಲೇ ತಂಗುತ್ತದೆ, ಅವನೂ ಅಲ್ಲೇ ತಂಗುತ್ತಾನೆ. ಮಾತು ಕಡಿಮೆ. ದಿನವೆಲ್ಲ “ಹಿಂದಕ್ಕೆ ಹೋಗ್ರಿ, ಹಿಂದಕ್ಕೆ ಹೋಗ್ರಿ” ಎಂದು ಕೂಗಿ ಕೂಗಿ ಅವನ ಪಾಲಿನ ಮಾತೆಲ್ಲ ಬಸ್ಸಿನಲ್ಲೇ ಖರ್ಚಾಗುತ್ತದೆಂದು ಗೀತಮ್ಮ ತಮಾಷೆ ಮಾಡುತ್ತಿದ್ದಳು. ಪಿಚ್ಚರ್ ಎಂದರೆ ಅವನಿಗೆ ನಿದ್ದೆಯ ಔಷಧಿ. ಮದುವೆಯಾದ ಹೊಸದರಲ್ಲಿ ಕರೆದುಕೊಂಡು ಹೋದಾಗ ಹಾಡಿಗೆ ಮುಂಚೆಯೇ ಗೊರಕೆ ಹೊಡೆದಿದ್ದ, ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದ್ದರು. ಶೆಡ್ಡಿನಲ್ಲಿ ಹೇಳುವ ಮುಂಚೆ, ಅವನು ಮನೆಯಲ್ಲಿದ್ದ ಶುಕ್ರವಾರ ರಾತ್ರಿ ಒಲೆಯ ಮುಂದೆ ಕೂತು ಅವಳು ಒಮ್ಮೆ ಕಥೆಯನ್ನು ಅವನಿಗೆ ಒಪ್ಪಿಸುವುದಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಅಳಬೇಕು ಎಂದು ನೋಡಿಕೊಳ್ಳಲು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದ. ಅವಳೂ ಗೋಡೆಗೇ ಹೇಳಿದಂತೆ ಹೇಳಿ ಮುಗಿಸುತ್ತಿದ್ದಳು.

ಹಾಗಿದ್ದವನು, ಒಂದು ಬೆಳಿಗ್ಗೆ ಟೀ ಕುಡಿಯುತ್ತಾ ಬಾಯಿ ಬಿಟ್ಟ.

ಗೀತಮ್ಮ ಕ್ಯಾರಿಯರ್‌ಗೆ ಮುದ್ದೆ ಹಾಕುತ್ತಾ ಕರಿಯಕ್ಕನ ಜೊತೆಗಿನ ಜಗಳವನ್ನೇ ಮತ್ತೆ ಹೇಳುತ್ತಿದ್ದಳು. “ಆಯಮ್ಮ ತಪ್ಪು ಮಾಡಿದ್ದು ಯಾರು ಕಂಡೋರು ಅಂತೀನಿ ನಾನು. ಬಾಗಿಲು ಮುಚ್ಚಿದ್ದು ಬಿಟ್ರೆ ಇನ್ನೇನು ಕಂಡ್ರು?”

“ಛತ್ರಿನ ಒಳಗೆ ತಗೊಂಡ್ಲಲ್ಲ. ಅಷ್ಟು ಸಾಲ್ದಾ?” ಅಂದ ಮಾರುತೇಶ್.

“ಯಾವ ಛತ್ರಿ?”

“ಮೇಷ್ಟ್ರುದು. ಬಾಗಿಲು ಮುಚ್ಚಿದ ಮೇಲೆ ಅದೊಂದೇ ಹೊರಗೆ ನಿಂತಿತ್ತಲ್ಲ, ನೀರು ಸುರೀತಾ. ಆಮೇಲೆ ಬಾಗಿಲು ಇಷ್ಟೇ ಇಷ್ಟು ತೆಗೆದು...” ಎಂದು ಅವನು ಟೀ ಲೋಟ ಕೆಳಗಿಟ್ಟು ಕೈ ಚಾಚಿದ. ಮುಂಗೈ ಮಾತ್ರ ಮುಂದೆ ಬಂತು. ಬೆರಳು ಗಾಳಿಯಲ್ಲಿ ತಡಕಾಡಿ, ಕಾಣದ ಛತ್ರಿಯ ಹಿಡಿಯನ್ನು ಹುಡುಕಿ ಹಿಡಿದು, ಸದ್ದಾಗದಂತೆ ಒಳಗೆ ಎಳೆದುಕೊಂಡಿತು. ಇಲ್ಲದ ಬಳೆ ಘಲ್ಲೆನ್ನಬಾರದೆಂದು ಇನ್ನೊಂದು ಕೈ ಮಣಿಕಟ್ಟನ್ನು ಹಿಡಿದಿತ್ತು.

ಗೀತಮ್ಮನ ಕೈಯಲ್ಲಿ ಮುದ್ದೆ ಹಾಗೇ ಉಳಿಯಿತು. “ನಿಮಗೆ ಹೆಂಗೆ ಗೊತ್ತು?”

“ಬಸ್ಸಿನಾಗೆ ಯಾರೋ ಮಾತಾಡ್ತಿದ್ರು,” ಎಂದು ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಹೋದಮೇಲೂ ಆ ಕೈ ಅವಳ ಕಣ್ಣ ಮುಂದಿಂದ ಹೋಗಲಿಲ್ಲ. ಕಥೆ ಹೇಳಿ ಹೇಳಿ ಪಳಗಿದವಳಿಗೆ ಅದೊಂದು ತಿಳಿಯದೇ? ಕೇಳಿ ಹೇಳುವವನ ಕೈ ಬೇರೆ, ನೋಡಿ ಹೇಳುವವನ ಕೈ ಬೇರೆ. ಬಳೆ ಹಿಡಿದುಕೊಂಡದ್ದನ್ನು ಬಸ್ಸಿನಲ್ಲಿ ಯಾರೂ ಹೇಳಿರುವುದಿಲ್ಲ. ಅವನು ಪಿಚ್ಚರ್ ನೋಡಿದ್ದಾನೆ. ಚಳ್ಳಕೆರೆಯ ರೀಲಿನಲ್ಲಿ ಆ ತುಂಡೇ ಇಲ್ಲ. ಹೋದ ವಾರ ಅದೇ ಪಿಚ್ಚರ್ ಮೊಳಕಾಲ್ಮುರಿನ ಟೆಂಟಿಗೆ ಬಿದ್ದಿತ್ತು, ಅಲ್ಲಿಯ ರೀಲು ಬೇರೆ ಇರಬೇಕು. ಸರಿ, ನೋಡಲಿ. ಆದರೆ ನಿದ್ದೆಬಡುಕ ಗಂಡಸು ಒಬ್ಬನೇ ಹೋಗಿ ಟೆಂಟಿನಲ್ಲಿ ಕೂರುವುದುಂಟೆ? ಕೂತು, ಎಚ್ಚರ ಇರುವುದುಂಟೆ? ಇದ್ದು, ಬಂದು ಹೆಂಡತಿಗೆ ಸುಳ್ಳು ಹೇಳುವುದುಂಟೆ?

ಪಿಚ್ಚರಿನ ಹೆಣ್ಣಿನ ಪರ ಇಷ್ಟು ದಿನ ವಾದ ಮಾಡಿದ ಬಾಯಿಗೆ ತನ್ನ ಗಂಡನ ಪರ ಒಂದು ಮಾತು ಸಿಗಲಿಲ್ಲ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ಭಾನುವಾರ ಮಿಲ್ಲಿಗೆ ರಜ. ಗೀತಮ್ಮ ಕೆಂಪಂಚಿನ ಸೀರೆ ಉಟ್ಟು, ತಲೆ ಬಾಚಿ, ಗಂಡನ ಬಸ್ಸು ಬಿಟ್ಟು ಸರ್ಕಾರಿ ಬಸ್ಸು ಹತ್ತಿದಳು. ಅಳುತ್ತಾ ಕೂರುವ ಜಾತಿಯವಳಲ್ಲ. ಟಾಕೀಸಿನಲ್ಲಿ ರೀಲು ಹರಿದಿದ್ದರೆ ಹೋಗಿ ಬೇರೆ ರೀಲು ನೋಡಬೇಕು, ಅಷ್ಟೇ. ಗಂಡನ ಬಸ್ಸಿನ ಡ್ರೈವರು ಬೊಮ್ಮಣ್ಣ ಯಾವತ್ತೋ ಅಂದಿದ್ದ: “ನಂಗೆ ಹೋಟ್ಲೇ ಗತಿ ಕಣಮ್ಮ. ನಿನ್ನ ಗಂಡಂದೇನು, ನೇಕಾರರ ಓಣಿ ಚೌಡಮ್ಮನ ಮನೆಯಾಗೆ ಬಿಸಿ ಬಿಸಿ ಊಟ.” ಆಗ ಅವಳು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಓಣಿಯಲ್ಲಿ ಮನೆಮನೆಯಿಂದಲೂ ಮಗ್ಗದ ಸದ್ದು. ಆಷಾಢದ ಗಾಳಿ ಬೆಟ್ಟದ ಕಡೆಯಿಂದ ಬೀಸಿ ಬೀದಿಯ ಧೂಳನ್ನೆಲ್ಲ ಎತ್ತಿ ಎತ್ತಿ ಹಾಕುತ್ತಿತ್ತು. ಚೌಡಮ್ಮನ ಮನೆ ಎಂದರೆ ಒಂದು ಮಗು ಕೈ ತೋರಿಸಿತು. ಜಗಲಿಯ ಗೋಡೆಯ ಮೊಳೆಗೆ ಒಂದು ಹಸಿರು ಗೆರೆಯ ಟವೆಲ್ಲು ನೇತಾಡುತ್ತಿತ್ತು. ಸಂತೆಯಲ್ಲಿ ತಾನೇ ಚೌಕಾಸಿ ಮಾಡಿ ತಂದ ಟವೆಲ್ಲು. ಹೊರಗಿದೆ, ಎಂದುಕೊಂಡಳು ಗೀತಮ್ಮ. ಒಳಗಿಲ್ಲ, ಹೊರಗಿದೆ. ಹಾಗೆ ಅಂದುಕೊಂಡದ್ದಕ್ಕೆ ತನಗೇ ನಾಚಿಕೆಯಾಯಿತು.

“ಎವುರಮ್ಮಾ? ಯಾರು?” ಎಂದಿತು ಒಳಗಿನಿಂದ ಮುದುಕಿಯ ತೆಲುಗು ಬೆರೆತ ದನಿ.

“ಚಳ್ಳಕೆರೆಯೋಳು. ಕಂಡಕ್ಟರ್ ಮಾರುತೇಶ್ ಹೆಂಡ್ತಿ.”

ಮಗ್ಗದ ಸದ್ದು ನಿಂತಿತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹೆಂಗಸು ತಲೆ ಎತ್ತಿದಳು. ಗೀತಮ್ಮನದೇ ವಯಸ್ಸು. ಕಪ್ಪಗೆ, ತೆಳ್ಳಗೆ. ಕೂದಲಿನಲ್ಲಿ ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಅವಳ ಮುಖದಲ್ಲಿ ಏನು ಹಾದುಹೋಗುತ್ತದೆಂದು ಗೀತಮ್ಮ ರೆಪ್ಪೆ ಮಿಟುಕಿಸದೆ ನೋಡಿದಳು. ಹಾದುಹೋದದ್ದು ಹೆದರಿಕೆಯಲ್ಲ.

“ಅಯ್ಯೋ ಅತ್ತೆ, ಕಥೆ ಅಕ್ಕ!” ಎಂದು ಅವಳು ಗುಂಡಿಯಿಂದ ಎದ್ದೇಬಿಟ್ಟಳು. “ಪಿಚ್ಚರ್ ಕಥೆ ಹೇಳೋ ಅಕ್ಕ ಬಂದವ್ರೆ!”

ಚೌಡಮ್ಮ ತಡವರಿಸುತ್ತಾ ಬಂದು ಗೀತಮ್ಮನ ಕೈಯನ್ನು ಹುಡುಕಿ ಹಿಡಿದಳು. ಮುದುಕಿಯ ಕಣ್ಣಿನಲ್ಲಿ ಪೊರೆ ದಟ್ಟವಾಗಿತ್ತು. “ರಾ ತಲ್ಲಿ, ಬಾ ತಾಯಿ, ಕೂತ್ಕೋ. ನಿನ್ನ ದನಿ ಹೆಂಗಿರ್ತೈತೋ ಅಂತ ಎಷ್ಟು ದಿನದಿಂದ ಅಂದ್ಕೊಂಡಿದ್ದೆ. ನಿನ್ನ ಗಂಡ ನಿನ್ನಂಗೇ ಹೇಳ್ತೀನಿ ಅಂತಾನೆ, ಗಂಡಸು ದನಿಯಾಗೆ ಹೆಂಗಸು ಅತ್ರೆ ನಂಗೆ ನಗು ಬರ್ತೈತೆ.”

ಗೀತಮ್ಮನಿಗೆ ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. “ನಮ್ಮನೆಯೋರು ಕಥೆ ಹೇಳ್ತಾರಾ?”

“ಹೇಳದೇನು! ‘ಇಲ್ಲಿ ನಮ್ಮ ಗೀತ ನಿಲ್ಲಿಸ್ತಾಳೆ’ ಅಂತ ತಾನೂ ನಿಲ್ಲಿಸ್ತಾನೆ. ‘ಇಲ್ಲಿ ನಮ್ಮ ಗೀತ ಬೀಜ ಸುರೀತಾಳೆ’ ಅಂತ ನುಚ್ಚಕ್ಕಿ ತಗೊಂಡು ಸುರೀತಾನೆ. ಶಾಂತ, ಹೇಳೇ.”

ಶಾಂತಕುಮಾರಿ ನಗುತ್ತಾ ನೀರು ತಂದುಕೊಟ್ಟಳು. ಅವಳ ಗಂಡ ಧರ್ಮಾವರಕ್ಕೆ ಮಗ್ಗದ ಕೆಲಸಕ್ಕೆ ಹೋಗಿ ವರ್ಷಗಳಾದವು, ಹಬ್ಬಕ್ಕೆ ಬಂದರೆ ಬಂದ. ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ನೇಯುವವಳ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯಲು ಇನ್ನೊಂದು ಕೈ ಬೇಕೇ ಬೇಕು. ಅತ್ತೆ ತಡವಿಕೊಂಡು ಎಸೆಯುತ್ತಾಳೆ. ಅತ್ತೆಗೆ ಸಾಕಾದರೆ ಕೆಲವು ಸಂಜೆ ಮಾರುತೇಶಣ್ಣನೂ ಕೂತು ಎಸೆಯುತ್ತಾನೆ, ಕಥೆ ಹೇಳುತ್ತಾ. ಇದನ್ನು ಶಾಂತಕುಮಾರಿ ಮುಚ್ಚುಮರೆಯಿಲ್ಲದೆ ಹೇಳಿದಳು. ಗೀತಮ್ಮ ಮಗ್ಗದ ಹಲಗೆಯನ್ನು ನೋಡಿದಳು. ಇಬ್ಬರು ಕೂತರೆ ಭುಜಕ್ಕೆ ಭುಜ ತಾಗಬೇಕು, ಅಷ್ಟೇ ಅಗಲ.

“ಟೆಂಟಿಗೆ ಹೋಗಿದ್ರಂತೆ,” ಅಂದಳು ಗೀತಮ್ಮ. ದನಿ ತಾನಂದುಕೊಂಡದ್ದಕ್ಕಿಂತ ಒರಟಾಗಿ ಬಂತು.

“ನಾನೇ ಹಟ ಮಾಡಿದ್ದು,” ಅಂದಳು ಮುದುಕಿ. “ಆಯಮ್ಮ ತಪ್ಪು ಮಾಡಿದ್ಲೋ ಇಲ್ವೋ ಅಂತ ಇವ್ರಿಬ್ಬರೂ ಕಿತ್ತಾಡಿದ್ದು ಕೇಳಿ ಕೇಳಿ ಸಾಕಾತು. ನಡೀರಿ, ನಾನೇ ನೋಡ್ತೀನಿ ಅಂದೆ. ಕುರುಡಿ ನೋಡೋಕೆ ಹೋದ್ಲು ಅಂತ ಓಣಿಯೆಲ್ಲ ನಕ್ಕಿತು. ಟೆಂಟಿನಾಗೆ ಗಂಡಸ್ರಿಗೂ ಹೆಂಗಸ್ರಿಗೂ ನಡುವೆ ಮೋಟುಗೋಡೆ ಐತಲ್ಲ, ಆ ಕಡೆ ಅವನು, ಈ ಕಡೆ ನಾನು, ನನ್ನ ಪಕ್ಕಕ್ಕೆ ಶಾಂತ. ಗೋಡೆ ಮೇಲಿಂದ ಬಗ್ಗಿ ಎಲ್ಲಾ ಹೇಳ್ದ. ಈಗ ಮಳೆ, ಈಗ ಛತ್ರಿ ಒರಗಿಸ್ದ, ಈಗ ಬಾಗಿಲು ಮುಚ್ಚಿದ್ಲು. ಅಷ್ಟೇ ನೋಡು, ಅಲ್ಲಿಗೆ ಬಾಯಿ ಕಟ್ಟೋತು. ಮಳೆ ಸದ್ದು ಬಿಟ್ಟು ಏನೂ ಇಲ್ಲ. ಆಮೇಲೇನಾತು ಅಂತ ತಿವಿದೆ, ಮಾತೇ ಇಲ್ಲ. ಅವನೂ ಇಲ್ಲ, ಇವಳೂ ಇಲ್ಲ.”

ಶಾಂತಕುಮಾರಿ ಲಾಳಿಯ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ನೀನೇನಂತೀಯ?” ಎಂದು ಗೀತಮ್ಮ ಅವಳನ್ನೇ ಕೇಳಿದಳು. “ತಪ್ಪು ಮಾಡಿದ್ಲಾ?”

“ನಿಮ್ಮೋರು ಮಾಡಿದ್ಲು ಅಂತಾರೆ. ನೀವು ಮಾಡಿಲ್ಲ ಅಂತೀರಂತೆ.”

“ನಿನ್ನ ಕೇಳಿದ್ದು.”

“ನಂಗೊತ್ತಾಗಲಿಲ್ಲ ಅಕ್ಕ. ನಾನು ಆ ಕೈ ಒಂದೇ ನೋಡ್ತಿದ್ದೆ.”

ಅಷ್ಟರಲ್ಲಿ ಬೀದಿಯ ತುದಿಯಿಂದ ಗಾಳಿ ಸುತ್ತಿಕೊಂಡು ಬಂತು. ಎದುರು ಮನೆಯ ತಗಡು ದಡದಡ ಬಡಿಯಿತು, ಧೂಳು ಹೊಸ್ತಿಲು ದಾಟಿತು. ಮಗ್ಗದ ಮೇಲೆ ಹರಡಿದ್ದ ಹಾಸು ನೂಲಿಗೆ ಧೂಳು ಬೀಳಬಾರದೆಂದು ಶಾಂತಕುಮಾರಿ ಹಾರಿಹೋಗಿ ಬಾಗಿಲು ಮುಚ್ಚಿದಳು. ಮುಚ್ಚಿದವಳು ಏನೋ ನೆನಪಾದಂತೆ ಮತ್ತೆ ಒಂದಿಷ್ಟು ತೆರೆದು, ಕೈ ಮಾತ್ರ ಹೊರಗೆ ಹಾಕಿ, ಗೋಡೆಯ ಮೇಲೆ ತಡಕಾಡಿ, ಮೊಳೆಯಲ್ಲಿದ್ದ ಟವೆಲ್ಲನ್ನು ಒಳಗೆ ಎಳೆದುಕೊಂಡಳು.

ಗೀತಮ್ಮ ಅದನ್ನು ನೋಡಿದಳು. ಗೀತಮ್ಮ ನೋಡಿದ್ದನ್ನು ಶಾಂತಕುಮಾರಿಯೂ ನೋಡಿದಳು. ಟವೆಲ್ಲು ಅವಳ ಕೈಯಲ್ಲೇ ಉಳಿಯಿತು. ಅದನ್ನು ಹಗ್ಗಕ್ಕೆ ಹಾಕಲೂ ಆಗದೆ, ಕೆಳಗೆ ಇಡಲೂ ಆಗದೆ ನಿಂತಳು. ಹೊರಗೆ ಗಾಳಿ ಬಾಗಿಲನ್ನು ನೂಕುತ್ತಿತ್ತು. “ಏನಾತೇ?” ಎಂದಳು ಮುದುಕಿ. ಇಬ್ಬರಲ್ಲಿ ಯಾರೂ ಹೇಳಲಿಲ್ಲ.

ಧೂಳಿಗೆ ಸಿಕ್ಕುವ ಬಟ್ಟೆಯನ್ನು ಯಾರಾದರೂ ಒಳಗೆ ತೆಗೆದಿಡುತ್ತಾರೆ. ಕರಿಯಕ್ಕನಾದರೂ ತೆಗೆದಿಡುತ್ತಾಳೆ, ಶಿಲ್ಪಳಾದರೂ. ತಾನೂ ಎಷ್ಟು ಸಲ ಪಕ್ಕದ ಮನೆಯವರ ಹಪ್ಪಳ ಎತ್ತಿಟ್ಟಿಲ್ಲ? ಆದರೆ ನೋಡದೆ, ತಡಕಾಡಿಯೇ ಮೊಳೆ ಸಿಗಬೇಕಾದರೆ ಕೈಗೆ ಎಷ್ಟು ಅಭ್ಯಾಸವಾಗಿರಬೇಕು? ಗೀತಮ್ಮನ ಒಳಗೆ ಕರಿಯಕ್ಕ ಒಂದು ಮಾತು ಅಂದರೆ ಗೀತಮ್ಮ ಒಂದು ಮಾತು ಅಂದಳು. ಮೊದಲ ಸಲ ಇಬ್ಬರಲ್ಲಿ ಯಾರೂ ಸೋಲಲಿಲ್ಲ.

“ಕೊಡಿಲ್ಲಿ,” ಎಂದು ಅವಳು ಕೈ ನೀಡಿದಳು. “ಒಗೆದು ಯಾವ ಕಾಲ ಆಯ್ತೋ. ಬೆವರು ವಾಸನೆ ಇಲ್ಲಿಗೇ ಹೊಡೀತೈತೆ.”

ಶಾಂತಕುಮಾರಿ ಕೊಟ್ಟಳು. ಗೀತಮ್ಮ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಉಂಡುಹೋಗು ಎಂದು ಚೌಡಮ್ಮ ಸೆರಗು ಹಿಡಿದು ಕೂರಿಸಿದಳು. ಉಂಡಳು. ಸಾರಿಗೆ ಹುಳಿ ಹೆಚ್ಚಾಗಿತ್ತು, ಆದರೂ ರುಚಿಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದಳು ಕೂಡ.

ಹೊರಡುವಾಗ ಹೊಸ್ತಿಲಲ್ಲಿ ನಿಂತು ಅಂದಳು: “ಮುಂದಿನ ಪಿಚ್ಚರ್ ಕಥೆ ನಾನೇ ಬಂದು ಹೇಳ್ತೀನಮ್ಮ. ನಮ್ಮನೆಯೋರು ಹೇಳಿದ್ರೆ ಉಪ್ಪೇ ಇರಲ್ಲ.”

“ಅಂಚಿನ ಲಾಳಿ ಎಸೆಯೋಕೆ ಬರ್ತೈತಾ?” ಎಂದಳು ಮುದುಕಿ, ಹಲ್ಲಿಲ್ಲದ ಬಾಯಲ್ಲಿ ನಗುತ್ತಾ.

“ಕಲ್ತ್ಕೋತೀನಿ. ಅವರಿಗೇ ಬಂದೈತೆ ಅಂದ್ಮೇಲೆ ನಂಗೆ ಬರಲ್ವಾ?” ಎಂದು ಗೀತಮ್ಮ ಶಾಂತಕುಮಾರಿಯ ಕಡೆ ನೋಡಿದಳು. ಅವಳ ಕೂದಲಿನಲ್ಲಿ ಸಿಕ್ಕಿಕೊಂಡಿದ್ದ ರೇಷ್ಮೆ ಎಳೆಯನ್ನು ಎರಡು ಬೆರಳಿನಿಂದ ತೆಗೆದು ಅವಳ ಅಂಗೈಗೆ ಹಾಕಿ ಇಳಿದು ನಡೆದಳು.

ಬಸ್ಸು ನಿಲ್ದಾಣದಲ್ಲಿ ಮಾರುತೇಶ್ “ಚಳ್ಳಕೆರೆ, ಚಳ್ಳಕೆರೆ, ತಳಕು, ಚಳ್ಳಕೆರೆ” ಎಂದು ಕೂಗುತ್ತಿದ್ದ. ಹೆಂಡತಿಯನ್ನು ಕಂಡು ‘ಚಳ್ಳ’ದ ಹತ್ತಿರವೇ ನಿಂತುಬಿಟ್ಟ. ಅವಳು ಹತ್ತಿ, ಕಿಟಕಿ ಪಕ್ಕ ಕೂತು, ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ಬಾಯಲ್ಲಿ ವಿಷಲ್ ಇಟ್ಟುಕೊಂಡ ಕಂಡಕ್ಟರು ಊದಲಿಲ್ಲ.

“ಲೇ ಮಾರುತಿ, ರೈಟ್ ಅನ್ನಲೇ! ನಿದ್ದೆ ಹತ್ತಿತಾ?” ಎಂದು ಬೊಮ್ಮಣ್ಣ ಮುಂದಿನಿಂದ ಕೂಗಿದ ಮೇಲೆ ಬಸ್ಸು ಹೊರಟಿತು.

ಹಾನಗಲ್ ಕ್ರಾಸ್ ದಾಟುವವರೆಗೂ ಅವನು ಈ ಕಡೆ ಬರಲಿಲ್ಲ. ಟಿಕೆಟು ಹರಿಯುವುದು ಮುಗಿದು, ಮಾಡಲು ಬೇರೇನೂ ಇಲ್ಲದಾದಾಗ ಬಂದು ಕಂಬಿ ಹಿಡಿದು ನಿಂತ. ಚೀಲದಿಂದ ಹಸಿರು ಗೆರೆಯ ಅಂಚು ಇಣುಕುತ್ತಿದ್ದುದು ಅವನಿಗೆ ಕಂಡಿತು.

“ಹೇಳ್ಬೇಕು ಅಂತಿದ್ದೆ,” ಅಂದ.

“ಏನಂತ?”

ಬಸ್ಸು ಹೊಂಡಕ್ಕೆ ಇಳಿದು ಎದ್ದಿತು.

“ಮನೆಯಾಗೆ ನಾನು ಹೇಳುವಾಗ ಕಣ್ಣು ಮುಚ್ಕೊಂಡು ನಿದ್ದೆ ಹೋಗ್ತಿದ್ರಲ್ಲ,” ಅಂದಳು ಗೀತಮ್ಮ.

“ನಿದ್ದೆ ಎಲ್ಲಿ. ಕಣ್ಣು ಮುಚ್ಚಿದ್ರೆ ಚೆನ್ನಾಗಿ ಕಾಣ್ತೈತೆ, ನೀನು ಹೇಳಿದ್ದು.”

ಇಷ್ಟು ವರ್ಷ ಗೋಡೆಗೆ ಹೇಳಿದ್ದ ಕಥೆಗಳೆಲ್ಲ ಒಮ್ಮೆಗೇ ನೆನಪಿಗೆ ಬಂದವು. ಗೋಡೆ ಒಂದನ್ನೂ ಬಿಟ್ಟಿರಲಿಲ್ಲ. ತನ್ನ ನಿಲುಗಡೆ, ತನ್ನ ಅಳು, ತನ್ನ ಕೈಯ ಬೀಜ, ಎಲ್ಲವನ್ನೂ ಹೊತ್ತುಕೊಂಡು ಹೋಗಿ ಇನ್ನೊಂದು ಮನೆಯಲ್ಲಿ ಸುರಿದಿತ್ತು. ಇದಕ್ಕೆ ನಗಬೇಕೋ, ಹೊಡೆಯಬೇಕೋ? ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಅದನ್ನು ಅವಳು ಅವನ ಮುಖ ನೋಡದೆ, ಕಿಟಕಿಯ ಹೊರಗಿನ ಜಾಲಿಗಿಡಗಳನ್ನು ನೋಡುತ್ತಾ ಕೇಳಿದಳು.

“ಛತ್ರಿ ಸೀನಿನಾಗೆ ಆ ಮುದುಕಿಗೆ ಯಾಕೆ ಏನೂ ಹೇಳಲಿಲ್ಲ?”

ಮಾರುತೇಶ್ ಕೈಯಲ್ಲಿದ್ದ ಟಿಕೆಟಿನ ಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡ. ಆಮೇಲೆ ಅಂದ: “ಅದನ್ನ ನೀನು ಹೇಳಿರಲಿಲ್ಲ.”

ಅಷ್ಟರಲ್ಲಿ ತಳಕು ಬಂತು. ಸಂತೆಗೆ ಹೋದವರು ಬುಟ್ಟಿ, ಚೀಲ, ಕೋಳಿ ಹಿಡಿದುಕೊಂಡು ನುಗ್ಗಿದರು. “ಹಿಂದಕ್ಕೆ ಹೋಗ್ರಿ, ಹಿಂದಕ್ಕೆ ಹೋಗ್ರಿ” ಎಂದು ಕಂಡಕ್ಟರು ಜನರ ನಡುವೆ ಸೇರಿಹೋದ. ಮಂಡಿನೋವಿನ ಹೆಂಗಸೊಬ್ಬಳು ಸೀಟು ಹುಡುಕುತ್ತಾ ಗೀತಮ್ಮನ ಹತ್ತಿರ ಬಂದಳು. ಗೀತಮ್ಮ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಒತ್ತಿ ಕೂತಳು. ಮೂವರ ಸೀಟಿನ ತುದಿಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟಳು. ಆಮೇಲೆ ಚೀಲದಿಂದ ಟವೆಲ್ಲು ತೆಗೆದು, ಒಮ್ಮೆ ಕೊಡವಿ, ನಡುವೆ ಉಳಿದ ಜಾಗದ ಮೇಲೆ ಹಾಕಿದಳು.

“ಯಾರಾದ್ರೂ ಅವ್ರಾ ತಾಯಿ ಇಲ್ಲಿ?” ಎಂದಳು ಆ ಹೆಂಗಸು.

“ಹೂಂ, ಅವ್ರೆ.”

ಬಸ್ಸು ಹೊರಟಿತು. ಕಿಟಕಿಯಿಂದ ನುಗ್ಗಿದ ಗಾಳಿ ಟವೆಲ್ಲಿನ ತುದಿಯನ್ನು ಎತ್ತಿತು. ಗೀತಮ್ಮ ಹೊರಗೆ ನೋಡುತ್ತಲೇ ಕೈ ಚಾಚಿ, ತಡಕಾಡಿ, ಅದರ ಮೇಲೆ ಅಂಗೈ ಊರಿದಳು.